ನಮ್ಮವರ ಚಾದಂಗಡಿಗಳು

(ರಾಯಚೂರಿನಲ್ಲಿ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಸಭೆ ಮುಗಿದ ಕೂಡಲೆ ನಾವು ಎಲ್ಲಿಗೆ ಹೋಗ್ತೀವಿ? ಚಾ ಕುಡಿಯಲಿಕ್ಕೆ. ತೀನ್ ಕಂದೀಲ್ ಕಡೆ, ಇಲ್ಲಾಂದ್ರೆ ಸ್ಟೇಷನ್ ರೋಡಿನ ಕಡೆ. ಒಂದು ಪ್ಲೇಟು ಮಂಡಾಳ ವಗ್ಗರಣಿ, ಎರಡು ಮಿರ್ಚಿ, ಬೈಟೂ ಚಾ. ಯಾರೂ ಜಾತಿ ಕೇಳಲ್ಲ. ಕುರ್ಚಿ ಎಳಕೊಂಡು ಕೂತ್ಕೋತೀವಿ. ಹೀಗೆ ಕೂತ್ಕೊಳ್ಳೋದು ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದೇವೆ. ಅಲ್ಲ. ಆ ಕುರ್ಚಿಗೆ ಒಂದು ಚರಿತ್ರೆ ಇದೆ. ಕಾಲೇಜಿನ ಪುಸ್ತಕದಲ್ಲಿ ಅದನ್ನ ನಾವು ಓದಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಮಾತಾಡಬೇಕು.

1871ರಲ್ಲಿ ಬೊಂಬಾಯಿ ಕಡೆಯ ರೈಲೂ ಮದರಾಸು ಕಡೆಯ ರೈಲೂ ರಾಯಚೂರಲ್ಲಿ ಬಂದು ಕೂಡಿದವು. ಊರು ಬೆಳೀತು. ಹತ್ತಿ, ಶೇಂಗಾದ ವ್ಯಾಪಾರ ಬೆಳೀತು. ಮೂಟೆ ಹೊತ್ತವರಲ್ಲಿ ನಮ್ಮವರು ಇದ್ದರು. ಹೊಟ್ಟೆ ಹಸಿದಾಗ ಮಾತ್ರ ಬೋರ್ಡು ನೋಡಬೇಕಿತ್ತು. ಬ್ರಾಹ್ಮಣರ ಫಲಹಾರ ಮಂದಿರ. ಲಿಂಗಾಯತ ಖಾನಾವಳಿ. ನಮ್ಮ ಉತ್ತರದ ಊರುಗಳಲ್ಲಿ ಜಾತಿಯನ್ನೇ ಬಣ್ಣದಲ್ಲಿ ಬರೆಸಿ ಬಾಗಿಲಿಗೆ ತೂಗುಹಾಕಿದ್ದರು. ಹೊಲೆಯರ ಖಾನಾವಳಿ, ಮಾದಿಗರ ಖಾನಾವಳಿ ಅಂತ ಬೋರ್ಡು ಯಾರಾದರೂ ಓದಿದ್ದೀರಾ? ನಾವು ಓದಿಲ್ಲ. ನಮ್ಮವರ ಅಂಗಡಿ ಇದ್ದವು. ಬೋರ್ಡು ಇರಲಿಲ್ಲ.

ಈ ಸೀಮೆ 1948ರ ತನಕ ನಿಜಾಮರ ಹೈದರಾಬಾದಿನಲ್ಲಿತ್ತು. ನಮ್ಮ ಕೇರಿಯ ಮುದುಕರು ಒಂದು ಮಾತು ಹೇಳ್ತಾರೆ: "ಸಾಬರ ಹೋಟೆಲಿನ್ಯಾಗ ಬಾಕಿನ ಮ್ಯಾಲ ಕುಂತು ಬಸಿಯಾಗ ಚಾ ಕುಡದೀವಿ." ಕುಡಿದ ರುಚಿ ಅವರಿಗೆ ನೆನಪಿಲ್ಲ. ಬಾಕಿನ ಮ್ಯಾಲೆ ಕುಂತದ್ದು ನೆನಪಿದೆ. ಅವರು ಊರಿಗೆ ತಿರುಗಿ ಬಂದರೆ ಅದೇ ಕಥೆ. "ಹೊರಗ ಕುಂದ್ರು. ನಿನ್ನ ಲೋಟ ಅಲ್ಲೈತಿ. ಕುಡುದು ತೊಳದಿಡು." ಸೂರಿನ ಸಂದಿಯಲ್ಲಿ ಸಿಗಿಸಿದ ಲೋಟ, ಹಿಡಿಕೆ ಮುರಿದ ಕಪ್ಪು, ತೆಂಗಿನ ಚಿಪ್ಪು. ಮಾನ್ವಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂತು. ಭತ್ತ ಬಂತು, ಕ್ಯಾಂಪುಗಳು ಎದ್ದವು, ಚಾದಂಗಡಿಗಳು ಹೆಚ್ಚಿದವು. ಹೊಲಕ್ಕೆ ಹೊಸ ನೀರು ಬಂತು. ಎಷ್ಟೋ ಊರಲ್ಲಿ ಲೋಟ ಮಾತ್ರ ಹಳೇದೇ ಉಳೀತು.

ಗೆಳೆಯರೇ, ಕಾನೂನು ಈ ಲೋಟವನ್ನು ಮರೆತಿಲ್ಲ. ಸಂವಿಧಾನದ 15ನೇ ವಿಧಿಯ 2ನೇ ಭಾಗ ಹೋಟೆಲಿನ ಬಾಗಿಲನ್ನು ಹೆಸರಿಟ್ಟು ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ 4ನೇ ಕಲಮು ಇನ್ನೂ ಒಳಗೆ ಹೋಗಿ, ಹೋಟೆಲಿನಲ್ಲಿ, ಸರಾಯಿಯಲ್ಲಿ, ಮುಸಾಫಿರ್‌ಖಾನೆಯಲ್ಲಿ ಸಾರ್ವಜನಿಕರಿಗೆ ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯೋದು ಅಪರಾಧ ಅಂತದೆ. 1976ರಲ್ಲಿ ಇದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯಿತು. ಕನಿಷ್ಠ 1 ತಿಂಗಳು, ಹೆಚ್ಚೆಂದರೆ 6 ತಿಂಗಳು ಜೈಲು, ಮೇಲೆ ದಂಡ. ಒಂದು ದೇಶ ಚಾ ಕುಡಿಯೋ ಲೋಟಕ್ಕೆ ಕಾನೂನು ಬರೀಬೇಕಾಯಿತು ಅಂದರೆ ಆ ದೇಶದ ರೋಗ ಎಷ್ಟು ಆಳಕ್ಕೆ ಇಳಿದಿತ್ತು, ಯೋಚನೆ ಮಾಡಿ.

ಅವರ ಹೋಟೆಲಿಗೆ ನಾವು ಹೋಗೋದು ಒಂದು ಹೋರಾಟ. ನಮ್ಮ ಹೋಟೆಲಿಗೆ ಅವರು ಬರೋದು ಇನ್ನೊಂದು. ಈ ಎರಡನೇದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ನಮ್ಮ ಬೆಳಗಾವಿ ಗಡಿಯ ಆಚೆ ಕೊಲ್ಲಾಪುರ. ಅಲ್ಲಿ ಗಂಗಾರಾಮ ಕಾಂಬಳೆ ಅನ್ನೋ ನಮ್ಮ ಅಣ್ಣ ಒಬ್ಬ ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ. ಮೇಲಿನವರ ನೀರು ಮುಟ್ಟಿದ ಅಂತ ಅವನನ್ನು ಬಡಿದರು. ಶಾಹು ಮಹಾರಾಜರು ಅವನಿಗೆ ಹೋಟೆಲ್ ಇಡಲಿಕ್ಕೆ ನೆರವಾದರು. ಹೋಟೆಲ್ ಆಯಿತು, ಗಿರಾಕಿ ಇಲ್ಲ. ಅಸ್ಪೃಶ್ಯನ ಕೈಯ ಚಾ ಯಾರು ಕುಡೀತಾರೆ? ಆಗ ಮಹಾರಾಜರೇ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಚಾ ತರಿಸಿ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. 1922ರಲ್ಲಿ ಶಾಹು ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳ ಮಾತು ಇದು.

ನಮ್ಮ ದೇವದುರ್ಗದ ದಾರಿಗೆ ಯಾವ ಮಹಾರಾಜನ ಗಾಡಿ ಬರಬೇಕು?

ಅಲ್ಲಿ ನಮ್ಮ ಕೇರಿಯ ಒಬ್ಬ ಅವ್ವ ಜಾಲಿ ಗಿಡದ ಕೆಳಗೆ ಚಾದಂಗಡಿ ಇಟ್ಟಿದ್ದಳು. ಮೂರು ಕಲ್ಲು, ಒಂದು ಪಾತೇಲಿ, ಆರು ಗ್ಲಾಸು, ಕೂಡಲಿಕ್ಕೆ ಒಂದು ಹಲಗೆ. ಸಂತಿ ದಿನ ಮಿರ್ಚಿ ಕರೀತಿದ್ದಳು. ಹತ್ತಿ ಬಿಡಿಸಲಿಕ್ಕೆ ಹೋಗೋ ಹೆಣ್ಣುಮಕ್ಕಳು ಹೊತ್ತು ಮೂಡೋ ಮುಂಚೆ ಬಂದು ಬಿಸಿ ಬಿಸಿ ಕುಡಿದು ಹೋಗೋರು. ಉದ್ರಿ ಲೆಕ್ಕ ಗೋಡೆ ಮೇಲೆ ಇದ್ದಿಲಿನ ಗೆರೆ. ಅವಳ ಅಂಗಡಿಯಲ್ಲಿ ಗ್ಲಾಸು ಎಲ್ಲರಿಗೂ ಒಂದೇ, ತೊಳೆಯೋಳು ಅವಳೇ. ಊರ ಮಂದಿ ಮಾತ್ರ ಬರಲಿಲ್ಲ. ಅಷ್ಟೇ ಅಲ್ಲ, ನಿಜ ಹೇಳಬೇಕು: ನಮ್ಮಲ್ಲೇ ಆಚೆ ಕೇರಿಯವರೂ ಬರಲಿಲ್ಲ. ಹೊಲಗೇರಿ ಮಾದಿಗೇರಿಯ ಚಾ ಕುಡಿಯಲ್ಲ ಅಂದರೆ ಊರವರಿಗೆ ನಾವು ಯಾವ ಬಾಯಿಂದ ಬುದ್ಧಿ ಹೇಳೋದು?

ಇನ್ನೊಂದು ಸತ್ಯ ಇದೆ. ಹೇಳಲಿಕ್ಕೆ ನಾಚಿಕೆ ಆಗ್ತದೆ. ಹಾಸ್ಟೆಲ್ ಸೇರಿದ ವರ್ಷ ನಾವು ಊರ ಗೆಳೆಯರ ಜೊತೆ ಅದೇ ದಾರಿಯಲ್ಲಿ ಬಂದೆವು. ಇಸ್ತ್ರಿ ಅಂಗಿ, ಕೈಯಲ್ಲಿ ಪುಸ್ತಕ. ಅವ್ವ ಎದ್ದು ನಿಂತು, "ಬರ್ರೆಪ್ಪಾ, ಚಾ ಕುಡುದು ಹೋಗ್ರಿ" ಅಂದಳು. ಕೇಳಲಿಲ್ಲ ಅನ್ನೋಹಂಗ ಮುಂದೆ ನಡೆದೆವು. ಊರ ಮುಂದಿನ ಹೋಟೆಲಿಗೆ ಹೋಗಿ ಕುಡಿದೆವು. ಎರಡು ವರ್ಷದ ಮೇಲೆ ಹೋದಾಗ ಅವಳ ಮನೆಯವರು ಗುಳೆ ಹೋಗಿದ್ದರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಜಾಲಿ ಗಿಡದ ಕೆಳಗೆ ಕರೀ ಕಲ್ಲು ಮೂರು ಉಳಿದಿದ್ದವು. ಅವಳ ಅಂಗಡಿ ಮುಚ್ಚಿಸಿದ್ದು ಜಾತಿವಾದಿಗಳು ಅಂತ ಭಾಷಣ ಮಾಡಬಹುದು. ಆದರೆ ಆ ದಿನ ಗಾಡಿ ನಿಲ್ಲಿಸದೆ ಹೋದವರಲ್ಲಿ ನಾವೂ ಇದ್ದೇವೆ.

ಈಗ ಕಾಗದದ ಕಪ್ಪು ಬಂದಿದೆ. ಕುಡಿದು ಬಿಸಾಕು, ತೊಳೆಯೋ ಜಗಳ ಇಲ್ಲ. ಎಲ್ಲರಿಗೂ ಅದೇ ಕೊಟ್ಟರೆ ನಮ್ಮ ತಕರಾರಿಲ್ಲ. ಆದರೆ ಊರವರಿಗೆ ಸ್ಟೀಲಿನ ಗ್ಲಾಸು, ಕೇರಿಯವರಿಗೆ ಕಾಗದದ್ದು ಕೊಟ್ಟರೆ ಅದೇ ಹಳೇ ಚಿಪ್ಪು, ಹೊಸ ರೂಪ. ಸ್ವಚ್ಛತೆ ಅಂತ ಹೇಳಿದರೆ ನಂಬಬೇಡಿ. 4ನೇ ಕಲಮು ಓದಿ ಹೇಳಿ.

ಕಡೇ ಮಾತು. ರಜೆಗೆ ಊರಿಗೆ ಹೋಗ್ತೀರಿ. ಕೇರಿಯ ಮುದುಕರ ಹತ್ತಿರ ಕುಂತು ಕೇಳಿ: ನಮ್ಮಲ್ಲಿ ಮೊದಲು ಚಾದ ಒಲೆ ಹಚ್ಚಿದೋರು ಯಾರು? ಯಾರು ಬಂದು ಕುಡಿದರು? ಯಾರು ಬರಲಿಲ್ಲ? ಯಾಕೆ ಮುಚ್ಚಿತು? ನೋಟು ಪುಸ್ತಕದಲ್ಲಿ ಬರಕೊಂಡು ಬನ್ನಿ. ಬೋರ್ಡಿಲ್ಲದ ಆ ಅಂಗಡಿಗಳ ಹೆಸರು ಈ ಹಾಳೆಗಳ ಮೇಲಾದರೂ ಬರಲಿ.

ಇನ್ನೂ ಒಲೆ ಉರೀತಾ ಇರೋ ನಮ್ಮವರ ಅಂಗಡಿ ಕಂಡರೆ ನಿಲ್ಲಿ. ಒಬ್ಬರೇ ನಿಲ್ಲಬೇಡಿ, ಆಚೆ ಕೇರಿಯ ಗೆಳೆಯನನ್ನ, ಊರ ಗೆಳೆಯನನ್ನ ಕೈ ಹಿಡಿದು ಕರಕೊಂಡು ಹೋಗಿ. ಹಲಗೆ ಮೇಲೆ ಎಲ್ಲರೂ ಕೂಡಿ ಕುಂತು ಕುಡಿಯಿರಿ. ರೊಕ್ಕ ಕೊಟ್ಟು ಬನ್ನಿ, ಉದ್ರಿ ಬೇಡ.

ಜೈ ಭೀಮ್.