ಜನ ಕೊಟ್ಟ ಹುದ್ದೆ, ಜನ ಕಿತ್ತುಕೊಂಡ ಹುದ್ದೆ



ಕ್ರಿ.ಪೂ. 133ರಲ್ಲಿ ರೋಮ್‌ನ ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್ ಸಾರ್ವಜನಿಕ ಭೂಮಿಯನ್ನು ಬಡವರಿಗೆ ಹಂಚುವ ಮಸೂದೆ ತಂದ. ಅವನಷ್ಟೇ ಅಧಿಕಾರವಿದ್ದ ಮತ್ತೊಬ್ಬ ಟ್ರಿಬ್ಯೂನ್ ಆಕ್ಟೇವಿಯಸ್ ಅದನ್ನು ವೀಟೊದಿಂದ ತಡೆದ. ಆಗ ಟೈಬೀರಿಯಸ್, ಆಕ್ಟೇವಿಯಸ್‌ನನ್ನು ಹುದ್ದೆಯಿಂದ ಇಳಿಸಬೇಕೇ ಎಂಬ ಪ್ರಶ್ನೆಯನ್ನೇ ಜನಸಭೆಯ ಮುಂದಿಟ್ಟ. ಮೂವತ್ತೈದು ಮತವಿಭಾಗಗಳಲ್ಲಿ 17 ಇಳಿಸಬೇಕೆಂದು ಹೇಳಿದಾಗ ಅವನು ಮತದಾನ ನಿಲ್ಲಿಸಿ, ಪಟ್ಟು ಬಿಡುವಂತೆ ತನ್ನ ಗೆಳೆಯನೂ ಆಗಿದ್ದ ಆಕ್ಟೇವಿಯಸ್‌ನನ್ನು ಅಂಗಲಾಚಿದ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಆಕ್ಟೇವಿಯಸ್ ಒಪ್ಪಲಿಲ್ಲ, 18ನೆಯ ಮತ ಬಿತ್ತು. ಜನರ ರಕ್ಷಣೆಗೆಂದೇ ಇರುವ ಹುದ್ದೆಯಲ್ಲಿ ಕುಳಿತು ಜನರಿಗೇ ಎದುರಾದವನು ಆ ಹುದ್ದೆಯನ್ನು ತಾನಾಗಿಯೇ ಕಳೆದುಕೊಂಡಿರುತ್ತಾನೆ ಎಂಬುದು ಟೈಬೀರಿಯಸ್‌ನ ವಾದ. ನಾವು ಸೇರಿರುವ ಕ್ಯಾಲಿಫೋರ್ನಿಯಾದಲ್ಲಿ ಈ ವಾದಕ್ಕೆ ಸಂವಿಧಾನದ ಬಲವಿದೆ. ರಾಜ್ಯದ ರಾಜಕೀಯದ ಮೇಲಿನ ಸದರ್ನ್ ಪೆಸಿಫಿಕ್ ರೈಲ್ವೆಯ ಹಿಡಿತ ಮುರಿಯುತ್ತೇನೆಂದು ಗೆದ್ದ ಗವರ್ನರ್ ಹೈರಮ್ ಜಾನ್ಸನ್ ಅವರ ಕಾಲದಲ್ಲಿ, 1911ರ ಅಕ್ಟೋಬರ್ 10ರಂದು, ಮತದಾರರು ರೀಕಾಲ್ ಹಕ್ಕನ್ನು, ಅಂದರೆ ಹುದ್ದೆಯಲ್ಲಿರುವವರನ್ನು ಅವಧಿಗೆ ಮೊದಲೇ ಮತದಿಂದ ಇಳಿಸುವ ಹಕ್ಕನ್ನು, ಪಡೆದರು. ಮಹಿಳೆಯರಿಗೆ ಮತದ ಹಕ್ಕು ದೊರೆತದ್ದೂ ಅದೇ ಮತದಾನದಲ್ಲಿ. ಆ ರೀಕಾಲ್ 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಅವರನ್ನೂ, 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ ಚೇಸಾ ಬೂಡಿನ್ ಅವರನ್ನೂ ಇಳಿಸಿತು.

ಇದು ಗಣರಾಜ್ಯದ ಗುಣವೇ, ರೋಗವೇ? ರಾಜ್ಯವೆಂಬುದು ಜನರ ಸ್ವತ್ತು ಎಂದ ಸಿಸೆರೊ, ಹೇಗೋ ಒಂದೆಡೆ ಸೇರಿದ ಗುಂಪನ್ನು ಜನ ಎಂದು ಒಪ್ಪಲಿಲ್ಲ. ನ್ಯಾಯದ ಬಗೆಗಿನ ಒಮ್ಮತವೂ ಹಿತದ ಪಾಲುದಾರಿಕೆಯೂ ಕೂಡಿಸಿದವರು ಮಾತ್ರ ಅವನ ಪಾಲಿಗೆ ಜನ. ಈ ಅಳತೆಯಲ್ಲಿ ನೋಡಿದರೆ ಕೊಟ್ಟ ಅಧಿಕಾರವನ್ನು ಹಿಂಪಡೆಯುವುದು ತಪ್ಪಲ್ಲ, ಆದರೆ ಸಿಟ್ಟಿಗೂ ತೀರ್ಪಿಗೂ ನಡುವೆ ಕಾನೂನು ನಿಂತಿರಬೇಕು. ಟೈಬೀರಿಯಸ್‌ಗೆ ಅಂಥ ದಾರಿ ಇರಲಿಲ್ಲ. ಅದೇ ವರ್ಷ ಸೆನೆಟರುಗಳ ಗುಂಪು ಅವನನ್ನು ಹೊಡೆದು ಕೊಂದಿತು. ಇಲ್ಲಿ ಗವರ್ನರ್ ಅವರನ್ನು ಇಳಿಸಲು ಹಿಂದಿನ ಚುನಾವಣೆಯ ಮತಗಳ ಶೇ. 12ರಷ್ಟು ಸಹಿ ಬೇಕು, ಅದಕ್ಕೆ 160 ದಿನಗಳ ಅವಧಿಯಿದೆ. ಗುಲಾಮರನ್ನೂ ಮಹಿಳೆಯರನ್ನೂ ಹೊರಗಿಟ್ಟ ರೋಮ್ ನಮಗೆ ಮಾದರಿಯೇ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ರೋಮ್ ಆದರ್ಶವಲ್ಲ, ಅದು ಎಲ್ಲಿ ಮುರಿಯಿತು ಎಂಬುದೇ ನಮಗೆ ಬೇಕಾದ ಸಾಕ್ಷ್ಯ.

ಆದರೆ ನ್ಯಾಯಾಧೀಶರ ವಿಷಯದಲ್ಲಿ ನನ್ನ ನಿಲುವು ಬೇರೆ. 2016ರಲ್ಲಿ ಲೈಂಗಿಕ ದೌರ್ಜನ್ಯದ ಅಪರಾಧಿಯಾದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಯೊಬ್ಬನಿಗೆ ಸಾಂತಾ ಕ್ಲಾರಾ ಕೌಂಟಿಯ ನ್ಯಾಯಾಧೀಶ ಆರನ್ ಪರ್ಸ್ಕಿ ಆರೇ ತಿಂಗಳ ಶಿಕ್ಷೆ ವಿಧಿಸಿದರು. ಜನರ ಆಕ್ರೋಶ ಸಹಜವಾಗಿತ್ತು, ನ್ಯಾಯವೂ ಆಗಿತ್ತು. ಶಾಸನಸಭೆ ಅದೇ ವರ್ಷ ಕಾನೂನು ಬಿಗಿಗೊಳಿಸಿತು. ನ್ಯಾಯಾಂಗದ ನಡತೆಯನ್ನು ಪರಿಶೀಲಿಸುವ ಆಯೋಗ ನ್ಯಾಯಾಧೀಶರಲ್ಲಿ ದುರ್ನಡತೆ ಕಾಣಲಿಲ್ಲ. ಆದರೂ 2018ರ ಜೂನ್‌ನಲ್ಲಿ ಮತದಾರರು ಅವರನ್ನು ಇಳಿಸಿದರು. ತಪ್ಪಿಗೆ ಮದ್ದು ಕಾನೂನಿನಲ್ಲಿ ದೊರೆತ ಮೇಲೂ ವ್ಯಕ್ತಿಯನ್ನು ಶಿಕ್ಷಿಸಿದರೆ, ಮುಂದಿನ ನ್ಯಾಯಾಧೀಶ ಕಾನೂನಿನ ಪುಸ್ತಕಕ್ಕಿಂತ ಬೀದಿಯ ದನಿಗೆ ಹೆಚ್ಚು ಕಿವಿಗೊಡುತ್ತಾನೆ. ಅದರ ಪೆಟ್ಟು ಮೊದಲು ಬೀಳುವುದು ಬಡ ಆರೋಪಿಗಳ ಮೇಲೆ. ರೈಲ್ವೆ ಕಂಪನಿಗೆ ಬಾಗಿದ ನ್ಯಾಯಾಧೀಶರನ್ನು ಇಳಿಸಲು ಅಂದು ಬೇರೆ ದಾರಿಯಿತ್ತೇ ಎಂದು ಕೇಳುವವರಿದ್ದಾರೆ. 1911ರ ಮಟ್ಟಿಗೆ ಅದು ಬಲವಾದ ಪ್ರಶ್ನೆ. ಆದರೆ ನ್ಯಾಯಾಧೀಶರ ದುರ್ನಡತೆಯನ್ನು ವಿಚಾರಿಸುವ ಆ ಆಯೋಗ 1960ರಿಂದಲೇ ಇಲ್ಲಿದೆ. ಆದ್ದರಿಂದ ಗವರ್ನರ್, ಅಟಾರ್ನಿ, ಶಾಸಕರ ಮೇಲಿನ ರೀಕಾಲ್ ಹಕ್ಕು ಉಳಿಯಲಿ, ನ್ಯಾಯಾಧೀಶರನ್ನು ಅದರಿಂದ ಹೊರಗಿಡಬೇಕು ಎಂಬ ವಾದವನ್ನು ಈ ಸಂಕಿರಣದ ಚರ್ಚೆಗೆ ಒಪ್ಪಿಸುತ್ತಿದ್ದೇನೆ.