ಎರಡು ದರ್ಶನಗಳನ್ನು ಅರಿತ ಗುರು: ಪದ್ಮನಾಭ ಜೈನಿ



ಸನಮಡಿಯಂಥ ಗಡಿಯೂರಿನ ಮಗು ಮನೆಯಲ್ಲಿ ಕನ್ನಡವಾಡುತ್ತದೆ, ಬಸ್ಸಿನ ಫಲಕದಲ್ಲಿ ಮರಾಠಿ ಓದುತ್ತದೆ. ಹೀಗೆ ಹಲವು ಭಾಷೆಗಳ ನಡುವೆ ಬೆಳೆದ ವಿದ್ವಾಂಸರೊಬ್ಬರ ಬದುಕು ನಮ್ಮ ತರಗತಿಗಳಿಗೆ ಪಾಠವಾಗಬಲ್ಲದು.

ಪದ್ಮನಾಭ ಶ್ರೀವರ್ಮ ಜೈನಿಯವರು 1923ರಲ್ಲಿ ಮೂಡುಬಿದಿರೆ ಸಮೀಪದ ನೆಲ್ಲಿಕಾರಿನಲ್ಲಿ, ತುಳು ಮನೆಮಾತಿನ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದರು. ಹತ್ತರ ವಯಸ್ಸಿನಲ್ಲಿ ವಿದರ್ಭದ ಕಾರಂಜಾ ಗುರುಕುಲವನ್ನು ಸೇರಿದರು. ಮುಂದೆ ಶ್ರೀಲಂಕೆಯಲ್ಲಿ ಪಾಲಿ ಗ್ರಂಥಗಳನ್ನು ಅಭ್ಯಸಿಸಿ 1951ರಲ್ಲಿ ತ್ರಿಪಿಟಕಾಚಾರ್ಯರಾದರು. ಕಾಶಿ, ಲಂಡನ್, ಮಿಶಿಗನ್‌ಗಳಲ್ಲಿ ಬೋಧಿಸಿ, 1972ರಿಂದ ಬರ್ಕ್ಲಿಯಲ್ಲಿ ಬೌದ್ಧ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು. ಅವರು ಸಂಪಾದಿಸಿದ ‘ಅಭಿಧರ್ಮದೀಪ’ವೆಂಬ ಬೌದ್ಧ ಗ್ರಂಥ 1959ರಲ್ಲಿ ಪ್ರಕಟವಾಯಿತು. 2021ರಲ್ಲಿ ಅವರು ನಿಧನರಾದರು.

ಜೈನರಾಗಿ ಹುಟ್ಟಿದ ಅವರು ಬೌದ್ಧರ ಮಾತನ್ನು ಬೌದ್ಧರ ಅರ್ಥದಲ್ಲಿಯೇ ತಿಳಿಯಲು ಶ್ರಮಿಸಿದರು. ಎರಡೂ ದರ್ಶನಗಳು ಪ್ರಾಣಿಗಳನ್ನು ಕಂಡ ಬಗೆಯನ್ನೂ ಬರೆದರು. ಒಂದು ಉದಾಹರಣೆ ನೋಡೋಣ. ಅರಿಯದೆ ಇಟ್ಟ ಹೆಜ್ಜೆಗೆ ಸಿಕ್ಕಿ ಇರುವೆ ಸತ್ತರೆ ತಪ್ಪು ಯಾವುದು? ಬೌದ್ಧರ ಪ್ರಕಾರ ಚೇತನೆ, ಅಂದರೆ ಸಂಕಲ್ಪವೇ ಕರ್ಮ. ಜೈನರು ಅದರೊಡನೆ ಪ್ರಮಾದವನ್ನೂ, ಎಂದರೆ ಎಚ್ಚರಗೇಡಿತನವನ್ನೂ ಎಣಿಸುತ್ತಾರೆ. ಪ್ರಯೋಗಾಲಯದ ಪ್ರಾಣಿ, ಮರಣಾಸನ್ನ ರೋಗಿಯ ಚಿಕಿತ್ಸೆ ಇವುಗಳನ್ನು ಕುರಿತ ಇಂದಿನ ಜೀವನೀತಿಯ ಚರ್ಚೆಯಲ್ಲಿಯೂ ಉದ್ದೇಶ ಮತ್ತು ಎಚ್ಚರಗಳ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಇರುವೆಯ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಪ್ರತಿ ಮಗುವೂ ತನ್ನ ಉತ್ತರಕ್ಕೆ ಮೊದಲು, ಒಪ್ಪದ ಗೆಳೆಯನ ವಾದವನ್ನು ಅವನು ‘ಹೌದು’ ಎನ್ನುವಂತೆ ವಿವರಿಸಲಿ. ದಿನವೂ ಎರಡು ಭಾಷೆಗಳ ನಡುವೆ ಓಡಾಡುವ ಮಗುವಿಗೆ ಈ ಅಭ್ಯಾಸ ಹೊಸದೇನಲ್ಲ. ಅದಕ್ಕೆ ಗೌರವ ಕೊಡುವುದು ಶಿಕ್ಷಕರ ಕೆಲಸ.