ನಯಸ್ನಾಯುವಿನ ಕಣಜ

ನಮ್ಮ ಅಪ್ಪಣೆಗೆ ಕಾಯದೆ ಅಪಧಮನಿಯ ಗೋಡೆಯಲ್ಲಿಯೂ ಕರುಳಿನಲ್ಲಿಯೂ ಗರ್ಭಕೋಶದಲ್ಲಿಯೂ ಹಗಲಿರುಳು ದುಡಿಯುವ ಸ್ನಾಯುವೊಂದುಂಟು. ತೋಳುತೊಡೆಗಳ ಸ್ನಾಯುವಿನಲ್ಲಿ ತೋರುವ ಅಡ್ಡಪಟ್ಟೆಗಳು ಇದರಲ್ಲಿಲ್ಲವಾದುದರಿಂದ ಇದಕ್ಕೆ ನಯಸ್ನಾಯುವೆಂದು ಹೆಸರು. ಇದು ಸಂಕೋಚಗೊಳ್ಳಬೇಕಾದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಬೇಕು. ಆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆಂಬುದೇ ಈ ಹೊತ್ತಿನ ವಿಷಯ.

ಕಥೆ ಮೊದಲಾಗುವುದು ಕಪ್ಪೆಯ ಹೃದಯದಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್, ದೇಹದಿಂದ ಬೇರ್ಪಡಿಸಿದ ಹೃದಯವನ್ನು ಉಪ್ಪುನೀರಿನಲ್ಲಿ ಮಿಡಿಯಿಸಿ ಫಲಿತಾಂಶವನ್ನು ಪ್ರಕಟಿಸಿಯಾದ ಮೇಲೆ, ಆ ದ್ರಾವಣವು ಭಟ್ಟಿಯಿಳಿಸಿದ ನೀರಿನದಲ್ಲದೆ ನಗರದ ಕೊಳಾಯಿ ನೀರಿನದೆಂದು ತಿಳಿದು, ಶುದ್ಧಜಲದಲ್ಲಿ ಮತ್ತೆ ಪರೀಕ್ಷಿಸಲಾಗಿ ಹೃದಯವು ಸೋತುಹೋಗುವುದನ್ನು ಕಂಡು, ಮಿಡಿತವನ್ನು ಕಾದುದು ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮೆಂದು 1883ರಲ್ಲಿ ಸಾರಿದನು.

ಹೊರಗಿನ ಕ್ಯಾಲ್ಸಿಯಂ ಬೇಕೆಂಬುದು ಹೀಗೆ ಸಿದ್ಧವಾಯಿತು. ಒಳಗೊಂದು ಸಂಗ್ರಹವಿದ್ದೀತೆಂಬುದು ಯಾರಿಗೂ ಹೊಳೆದಿರಲಿಲ್ಲ. ಇಟಲಿಯ ಎಮಿಲಿಯೊ ವೆರಾಟ್ಟಿ 1902ರಲ್ಲಿಯೇ ಸ್ನಾಯುಕೋಶದೊಳಗಣ ಸೂಕ್ಷ್ಮವಾದ ಜಾಲವನ್ನು ಚಿತ್ರಿಸಿದ್ದರೂ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವತನಕ ಅರ್ಧ ಶತಮಾನ ಅದನ್ನು ಕೇಳುವವರಿರಲಿಲ್ಲ. 1960ರ ಆಸುಪಾಸಿನಲ್ಲಿ ಜಪಾನಿನ ಎಬಾಶಿ, ಜರ್ಮನಿಯ ಹಾಸೆಲ್‌ಬಾಖ್ ಮೊದಲಾದವರು, ಆ ಜಾಲಿಕೆಯೇ ಕ್ಯಾಲ್ಸಿಯಮ್ಮನ್ನು ತುಂಬಿಡುವ ಕಣಜವೆಂದು ತೋರಿಸಿಕೊಟ್ಟರು. ಹೊರಗಿನ ದ್ರವದಲ್ಲಿರುವುದರ ಹತ್ತುಸಾವಿರದ ಒಂದು ಪಾಲು ಕ್ಯಾಲ್ಸಿಯಂ ಮಾತ್ರ ವಿಶ್ರಾಂತಿಯಲ್ಲಿರುವ ಕೋಶರಸದಲ್ಲಿ ಬಿಡಿಯಾಗಿ ಇರತಕ್ಕದ್ದು. ಮಿಕ್ಕುದನ್ನು ಜಾಲಿಕೆಯ ಪಂಪು, ಕೋಶದ ಶಕ್ತಿವಾಹಕವಾದ ಎಟಿಪಿಯ ಒಂದು ಅಣುವನ್ನು ವ್ಯಯಿಸಿ ಎರಡೆರಡು ಅಯಾನುಗಳಂತೆ, ಒಳಕ್ಕೆ ಸೇದಿಕೊಳ್ಳುತ್ತದೆ.

ಆದರೆ ಇದೆಲ್ಲ ಪಟ್ಟೆಸ್ನಾಯುವಿನ ವೈಭವ. ನಯಸ್ನಾಯುವಿಗೆ ಅಂಥ ಸಂಗ್ರಹವಿಲ್ಲ, ಅಥವಾ ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು ಹಲವರು ಬಗೆದಿದ್ದರು. ಕಾಣದುದನ್ನು ಇಲ್ಲವೆಂದು ನಿರ್ಣಯಿಸುವ ಅವಸರ ವಿದ್ವಾಂಸರಲ್ಲಿಯೂ ಉಂಟಷ್ಟೆ! ಅಮೆರಿಕದ ಆಂಡ್ರ್ಯೂ ಮತ್ತು ಆವ್ರಿಲ್ ಸೊಮ್ಲಿಯೊ ದಂಪತಿಗಳು, ಪೊರೆಯ ವಿದ್ಯುತ್ತನ್ನು ಮುಂಚೆಯೇ ಅಳಿಸಿಬಿಟ್ಟ ರಕ್ತನಾಳವೂ ಔಷಧಕ್ಕೆ ಸಂಕೋಚಗೊಳ್ಳುವುದೆಂದು 1968ರಲ್ಲಿ ನಿರೂಪಿಸಿ, 1972ರಲ್ಲಿ ಸಹೋದ್ಯೋಗಿಗಳೊಡನೆ ಜಾಲಿಕೆಯನ್ನು ಅಳೆದೂ ತೋರಿಸಿದರು: ದೊಡ್ಡ ಅಪಧಮನಿಗಳಲ್ಲಿ ಜೀವಕೋಶದ ಗಾತ್ರದ ಶೇಕಡಾ 5ರಷ್ಟು, ಕರುಳಿನ ಪಟ್ಟಿಯಲ್ಲಿ 2ರಷ್ಟು. ಅಲ್ಪವೇ ಸರಿ, ಕಾರ್ಯಕ್ಕೆ ಸಾಲದಷ್ಟಲ್ಲ.

ಹಾರ್ಮೋನು ಕೋಶದ ಹೊರಪೊರೆಯನ್ನು ಮುಟ್ಟಿದರೆ ಒಳಗಿನ ಕಣಜದ ಬಾಯಿಯನ್ನು ತೆರೆಯುವವರಾರು? 1983ರಲ್ಲಿ ಕೇಂಬ್ರಿಜ್ಜಿನ ಬೆರಿಡ್ಜ್ ಮತ್ತು ಸಂಗಡಿಗರು ಮೇದೋಜೀರಕದ ಕೋಶಗಳಲ್ಲಿ ಇನಾಸಿಟಾಲ್ ಟ್ರೈಫಾಸ್ಫೇಟ್ ಎಂಬ ದೂತನನ್ನು ಪತ್ತೆಹಚ್ಚಿದರು. ನಯಸ್ನಾಯುವಿನಲ್ಲಿಯೂ ಅವನದೇ ಕೈವಾಡವೆಂಬುದು ಬೇಗನೆ ಖಚಿತವಾಯಿತು.

ಅತ್ಯಂತ ಕುತೂಹಲಕರವಾದುದು ಇನ್ನು ಮುಂದಿದೆ. ಕ್ಯಾಲ್ಸಿಯಂ ಬಿಡುಗಡೆಯಾಯಿತೆಂದರೆ ಸ್ನಾಯು ಬಿಗಿಯಿತೆಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, ಮಾರ್ಕ್ ನೆಲ್ಸನ್ ಮತ್ತು ಸಂಗಡಿಗರು 1995ರಲ್ಲಿ, ಮಿದುಳಿನ ಅಪಧಮನಿಯ ಕೋಶಗಳಲ್ಲಿ ಜಾಲಿಕೆಯು ಪೊರೆಯ ಒತ್ತಿಗೇ ಕ್ಷಣಿಕವಾದ ಕ್ಯಾಲ್ಸಿಯಂ ಕಿಡಿಗಳನ್ನು ಸಿಡಿಸುವುದನ್ನು ಕಂಡರು. ಆ ಕಿಡಿಗಳು ಸನಿಹದ ಪೊಟ್ಯಾಸಿಯಂ ದ್ವಾರಗಳನ್ನು ತೆರೆಯುತ್ತವೆ, ಪೊಟ್ಯಾಸಿಯಂ ಹೊರಹರಿದು ಪೊರೆಯ ವಿದ್ಯುದ್ವಿಭವ ಬದಲಾಗಲು, ಹೊರಗಿನ ಕ್ಯಾಲ್ಸಿಯಂ ಪ್ರವೇಶಿಸುವ ಬಾಗಿಲುಗಳು ಮುಚ್ಚುತ್ತವೆ, ರಕ್ತನಾಳ ಸಡಿಲುತ್ತದೆ. ರಯನೋಡಿನ್ ಎಂಬ ಸಸ್ಯವಿಷದಿಂದ ಈ ಕಿಡಿಗಳನ್ನು ಅಡಗಿಸಿದಾಗ, ಅಪಧಮನಿ ಬಿಗಿದುಕೊಂಡಿತು.